ಡಿಸೆಂಬರ್ ಚಳಿಯಲ್ಲಿ ಆಟಿಕೆ ಹೊತ್ತು: ಚಿಕಾಗೋದ ಮೋಟಾರ್‌ಸೈಕಲ್ ಮೆರವಣಿಗೆಗೆ ಹೊರಡುವವರಿಗೆ

ಡಿಸೆಂಬರ್ ತಿಂಗಳ ಮೊದಲ ಭಾನುವಾರ ಚಿಕಾಗೋ ನಗರದ ದಕ್ಷಿಣ ಭಾಗದಲ್ಲಿರುವ ಡ್ಯಾನ್ ರಯಾನ್ ವುಡ್ಸ್ ಎಂಬ ವನಪ್ರದೇಶದಲ್ಲಿ ಬೆಳಗಾಗುತ್ತಿದ್ದಂತೆ ಸಾವಿರಾರು ಮೋಟಾರ್‌ಸೈಕಲ್‌ಗಳು ಬಂದು ಸೇರುತ್ತವೆ. ಒಬ್ಬರ ಹ್ಯಾಂಡಲ್‌ಗೆ ಟೆಡ್ಡಿ ಕರಡಿ ಕಟ್ಟಿರುತ್ತದೆ, ಇನ್ನೊಬ್ಬರ ಹಿಂದಿನ ಸೀಟಿನ ಮೇಲೆ ಪುಟ್ಟ ಸೈಕಲ್ಲೇ ಕುಳಿತಿರುತ್ತದೆ. ಅಲ್ಲಿಂದ ವೆಸ್ಟರ್ನ್ ಅವೆನ್ಯೂ ಹಿಡಿದು ಉತ್ತರಕ್ಕೆ ಸಾಗುವ ಈ ಮೆರವಣಿಗೆ ಆರಂಭವಾದದ್ದು 1978ರಲ್ಲಿ. ಸಂಗ್ರಹವಾದ ಆಟಿಕೆಗಳು ಅಮೆರಿಕದ ಮರೀನ್ ಕೋರ್ ಮೀಸಲು ಪಡೆಯ ‘ಟಾಯ್ಸ್ ಫಾರ್ ಟಾಟ್ಸ್’ ಯೋಜನೆಯ ಮೂಲಕ ಕ್ರಿಸ್‌ಮಸ್ ಹೊತ್ತಿಗೆ ಬಡ ಮಕ್ಕಳ ಕೈ ಸೇರುತ್ತವೆ. 1947ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಡಯಾನ್ ಹೆಂಡ್ರಿಕ್ಸ್ ಎಂಬಾಕೆ ತಾನು ಕೈಯಾರೆ ಮಾಡಿದ ಗೊಂಬೆಯನ್ನು ಬಡ ಮಗುವಿಗೆ ತಲುಪಿಸುವ ಸಂಸ್ಥೆ ಯಾವುದಾದರೂ ಇದೆಯೇ ಎಂದು ಮೀಸಲು ಪಡೆಯ ಮೇಜರ್ ಆಗಿದ್ದ ಪತಿ ಬಿಲ್ ಅವರನ್ನು ಕೇಳಿದರು. ಅಂಥದ್ದು ಸಿಗದಿದ್ದಾಗ ನೀವೇ ಒಂದನ್ನು ಆರಂಭಿಸಿ ಎಂದರು. ಆ ವರ್ಷವೇ ಸುಮಾರು 5,000 ಆಟಿಕೆಗಳು ಸಂಗ್ರಹವಾದವು. ಮರುವರ್ಷ ಯೋಜನೆ ದೇಶದಾದ್ಯಂತ ಹಬ್ಬಿತು.

ಚಿಕಾಗೋದ ಸುತ್ತಲಿನ ನೇಪರ್‌ವಿಲ್, ಅರೋರಾ, ಶಾಂಬರ್ಗ್ ಮುಂತಾದ ಊರುಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಬೇಸಿಗೆಯಲ್ಲಿ ಬೈಕ್ ಓಡಿಸುವವರು ಅನೇಕರಿದ್ದಾರೆ. ಡಿಸೆಂಬರ್‌ನಲ್ಲಿ ಓಡಿಸಿ ಗೊತ್ತಿರುವವರು ಕಡಿಮೆ. ಬೆಂಗಳೂರಿನಿಂದ ಬೆಳಗಿನ ಜಾವ ನಂದಿಬೆಟ್ಟಕ್ಕೆ ಬೈಕಿನಲ್ಲಿ ಹೋಗಿ ನಡುಗಿದ ಅನುಭವ ನಮ್ಮಲ್ಲಿ ಬಹಳ ಮಂದಿಗೆ ಇದೆ, ಆದರೆ ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಇಲ್ಲಿ ಮೋಸ ಹೋಗುತ್ತೇವೆ. ಚಿಕಾಗೋದಲ್ಲಿ ಡಿಸೆಂಬರ್ ಮೊದಲ ವಾರದ ಮುಂಜಾನೆ ಉಷ್ಣಾಂಶ ಸಾಮಾನ್ಯವಾಗಿ ಸೊನ್ನೆಗಿಂತ ಎರಡು-ಮೂರು ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ. ಕೆಲವು ವರ್ಷ ಇನ್ನೂ ಕೆಳಗಿಳಿಯುತ್ತದೆ. ನಾಲ್ಕೈದು ಬಾರಿ ಈ ಮೆರವಣಿಗೆಗೆ ಹೋಗಿ ಬಂದ ಮೇಲೆ, ಮೊದಲ ಸಲ ಹೊರಡುವವರಿಗೆ ನೆರವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಹೋಗಬೇಕೆ, ಬೇಡವೆ

ಎಲ್ಲಕ್ಕಿಂತ ಮೊದಲು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕಾದ ಮಾತೊಂದಿದೆ. ಆಟಿಕೆ ತಲುಪಲೇಬೇಕು, ಬೈಕ್ ತಲುಪಲೇಬೇಕೆಂದೇನೂ ಇಲ್ಲ. ಆಟಿಕೆಯನ್ನು ಕಾರಿನಲ್ಲಿ ಒಯ್ದು ಕೊಟ್ಟರೂ ಅದು ಅದೇ ಮಗುವಿನ ಕೈಗೆ ಹೋಗುತ್ತದೆ. ಹಾಗಾಗಿ ಹಿಂದಿನ ದಿನವೇ ಕಾರಿನ ಡಿಕ್ಕಿಯಲ್ಲಿ ಜಾಗ ಮಾಡಿಟ್ಟು, ಬೆಳಿಗ್ಗೆ ರಸ್ತೆ ನೋಡಿ ತೀರ್ಮಾನಿಸುವುದು ನನ್ನ ಪದ್ಧತಿ. ಹೀಗೆ ಮಾಡಿದರೆ, ಹೊರಟಾಗಿದೆಯಲ್ಲ, ಇನ್ನು ಹಿಂದಿರುಗುವುದು ಹೇಗೆ ಎಂಬ ಹಠ ಹುಟ್ಟುವುದಿಲ್ಲ.

ತೀರ್ಮಾನಕ್ಕೆ ಉಷ್ಣಾಂಶಕ್ಕಿಂತ ರಸ್ತೆಯ ತೇವವೇ ಮುಖ್ಯ. ಸೊನ್ನೆಗಿಂತ ಐದು ಡಿಗ್ರಿ ಕೆಳಗಿದ್ದರೂ ರಸ್ತೆ ಪೂರ್ತಿ ಒಣಗಿದ್ದು ಬಿಸಿಲಿದ್ದರೆ, ಸರಿಯಾದ ಉಡುಪಿನಲ್ಲಿ ಎಚ್ಚರಿಕೆಯಿಂದ ಹೋಗಬಹುದು. ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿದ್ದು ರಾತ್ರಿ ಮಳೆಯೋ ತುಂತುರೋ ಬಿದ್ದಿದ್ದರೆ ಹೋಗಬಾರದು, ಏಕೆಂದರೆ ಕರಗುವ ಹಂತದಲ್ಲಿರುವ ಮಂಜುಗಡ್ಡೆಯ ಮೇಲೆ ನೀರಿನ ಪೊರೆ ಕೂತು ಅದು ಗಡಗಡ ಚಳಿಯ ಮಂಜುಗಡ್ಡೆಗಿಂತಲೂ ಹೆಚ್ಚು ಜಾರುತ್ತದೆ. ಹಿಮ ಬೀಳುತ್ತಿದ್ದರೆ, ಅಥವಾ ನಿಮ್ಮ ಬೀದಿಯ ನೆರಳಿನ ಭಾಗದಲ್ಲಿ ಕಪ್ಪಗೆ ಮಿಂಚುವ ತೇಪೆಗಳು ಕಂಡರೆ, ಆ ದಿನ ಕಾರೇ ಸರಿ. ಈ ಮಾತಿನಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡಲಾರೆ.

ಚಳಿಯ ಲೆಕ್ಕವನ್ನು ಗಾಳಿಯೊಂದಿಗೆ ಸೇರಿಸಿ ಹಾಕಬೇಕು. ಅಮೆರಿಕದ ಹವಾಮಾನ ಸೇವೆ ಬಳಸುವ ಸೂತ್ರದ ಪ್ರಕಾರ ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 48 ಕಿಲೋಮೀಟರ್ ವೇಗದ ಗಾಳಿ ಬರಿಯ ಚರ್ಮಕ್ಕೆ ಸೊನ್ನೆಗಿಂತ 8 ಡಿಗ್ರಿ ಕೆಳಗಿನ ಚಳಿಯಂತೆ ತಟ್ಟುತ್ತದೆ. ವೇಗ ನೂರು ಕಿಲೋಮೀಟರ್ ಆದರೆ ಅದು ಸುಮಾರು 11 ಡಿಗ್ರಿ ಕೆಳಕ್ಕೆ ಹೋಗುತ್ತದೆ. ಹೊರಗಿನ ಉಷ್ಣಾಂಶವೇ ಸೊನ್ನೆಗಿಂತ 5 ಡಿಗ್ರಿ ಕೆಳಗಿದ್ದರೆ, ಹೆದ್ದಾರಿಯ ವೇಗದಲ್ಲಿ ಅನುಭವಕ್ಕೆ ಬರುವುದು ಸುಮಾರು 18 ಡಿಗ್ರಿ ಕೆಳಗಿನ ಚಳಿ. ನೇಪರ್‌ವಿಲ್ ಕಡೆಯಿಂದ ಡ್ಯಾನ್ ರಯಾನ್ ವುಡ್ಸ್‌ಗೆ ಸುಮಾರು 50 ಕಿಲೋಮೀಟರ್. ನನ್ನ ಅಭಿಪ್ರಾಯದಲ್ಲಿ ಹೆದ್ದಾರಿ ಬಿಟ್ಟು ಗಂಟೆಗೆ ಅರವತ್ತು-ಎಪ್ಪತ್ತರ ವೇಗದ ಒಳರಸ್ತೆ ಹಿಡಿಯುವುದು, ಸಮಯ ಹೆಚ್ಚು ಹಿಡಿದರೂ, ಎರಡು ರೀತಿಯಲ್ಲಿ ಲಾಭ: ಗಾಳಿಯ ಪೆಟ್ಟು ಕಡಿಮೆ, ಮತ್ತು ಬೇಕೆನಿಸಿದಾಗ ಪೆಟ್ರೋಲ್ ಬಂಕಿನೊಳಗೆ ಹೋಗಿ ಮೈ ಕಾಯಿಸಿಕೊಳ್ಳಬಹುದು.

ಕೈಗಳು

ನಾನು ಮೊದಲ ವರ್ಷ ಹೋದಾಗ ಎರಡು ಜೊತೆ ಗ್ಲೌಸ್ ಒಂದರ ಮೇಲೊಂದು ಬಿಗಿಯಾಗಿ ಹಾಕಿಕೊಂಡಿದ್ದೆ. ಮೊದಲ ಹದಿನೈದು ನಿಮಿಷ ಬೆರಳ ತುದಿ ಚುರುಗುಟ್ಟಿತು, ಆಮೇಲೆ ನೋವು ನಿಂತಿತು. ಕೈ ಬೆಚ್ಚಗಾಯಿತು ಎಂದುಕೊಂಡೆ. ಮುಂದಿನ ಸಿಗ್ನಲ್‌ನಲ್ಲಿ ಕ್ಲಚ್ ಹಿಡಿಯಲು ಹೋದಾಗ ಎಡಗೈಯ ನಾಲ್ಕು ಬೆರಳುಗಳೂ ಲಿವರ್‌ನ ಮೇಲಿರುವುದು ಕಣ್ಣಿಗೆ ಕಾಣುತ್ತಿತ್ತು, ಆದರೆ ಅವು ಲಿವರ್ ಅನ್ನು ಎಳೆಯುತ್ತಿವೆಯೇ ಇಲ್ಲವೇ ಎಂಬುದು ತಿಳಿಯುತ್ತಿರಲಿಲ್ಲ. ಬೈಕ್ ಜರ್ಕ್ ಹೊಡೆದು ಆಫ್ ಆಯಿತು. ಹಿಂದೆ ಕಾರಿರಲಿಲ್ಲವಾದ್ದರಿಂದ ಬಚಾವಾದೆ. ಪಕ್ಕದ ಅಂಗಡಿಯೊಳಗೆ ನಿಂತು ಬೆರಳುಗಳಲ್ಲಿ ಮತ್ತೆ ರಕ್ತ ಹರಿಯತೊಡಗಿದಾಗ ಆದ ನೋವಿಗೆ ಕಣ್ಣಲ್ಲಿ ನೀರು ಬಂದಿತ್ತು.

ಬಿಗಿಯಾದ ಗ್ಲೌಸ್ ರಕ್ತದ ಹರಿವನ್ನು ತಡೆಯುತ್ತದೆ ಮತ್ತು ಬೆಚ್ಚಗಿಡುವ ಗಾಳಿಯ ಪದರಕ್ಕೆ ಒಳಗೆ ಜಾಗವನ್ನೇ ಬಿಡುವುದಿಲ್ಲ. ತೆಳುವಾದ ರೇಷ್ಮೆಯ ಅಥವಾ ಮೆರಿನೊ ಉಣ್ಣೆಯ ಒಳಗ್ಲೌಸ್ ಒಂದು, ಅದರ ಮೇಲೆ ಒಂದು ಸೈಜ್ ದೊಡ್ಡದಾದ, ಗಾಳಿ ನುಗ್ಗದ ಚಳಿಗಾಲದ ಗ್ಲೌಸ್ ಒಂದು ಸಾಕು. ಅದರ ಉದ್ದನೆಯ ಮಣಿಕಟ್ಟು ಜಾಕೆಟ್‌ನ ತೋಳಿನ ಮೇಲೆ ಬರಬೇಕೋ ಒಳಗೆ ಹೋಗಬೇಕೋ ಎಂಬುದನ್ನು ಮನೆಯಲ್ಲೇ ಹಾಕಿ ನೋಡಿ, ಗಾಳಿ ನುಗ್ಗುವ ಸಂದು ಉಳಿಯದಂತೆ ನೋಡಿಕೊಳ್ಳಿ. ಹ್ಯಾಂಡಲ್‌ನ ಹಿಡಿಗಳನ್ನು ಕಾಯಿಸುವ ಹೀಟೆಡ್ ಗ್ರಿಪ್ ಇದ್ದರೆ ಒಳ್ಳೆಯದೇ, ಆದರೆ ಅದು ಅಂಗೈಯನ್ನು ಮಾತ್ರ ಕಾಯಿಸುತ್ತದೆ, ಗಾಳಿ ಹೊಡೆಯುವುದು ಮುಂಗೈ ಮತ್ತು ಬೆರಳುಗಳ ಹೊರಮೈಗೆ. ಹಾಗಾಗಿ ಹ್ಯಾಂಡಲ್‌ನ ಎರಡು ತುದಿಗೂ ತೊಡಿಸುವ ಚೀಲದಂಥ ಮಫ್‌ಗಳು, ನೋಡಲು ಚೆಂದವಿಲ್ಲದಿದ್ದರೂ, ದುಬಾರಿ ಗ್ಲೌಸ್‌ಗಿಂತ ಹೆಚ್ಚು ಕೆಲಸ ಮಾಡುತ್ತವೆ. ಅವುಗಳೊಳಗೆ ಕೈ ಹಾಕಿ ತೆಗೆಯುವುದನ್ನು, ಇಂಡಿಕೇಟರ್ ಮತ್ತು ಹಾರ್ನ್ ಒತ್ತುವುದನ್ನು, ಮೊದಲೇ ಅಭ್ಯಾಸ ಮಾಡಿಕೊಳ್ಳಬೇಕು.

ಕೈ ತಣ್ಣಗಾಗಲು ಗ್ಲೌಸ್ ಒಂದೇ ಕಾರಣವಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು. ಎದೆ-ಹೊಟ್ಟೆಯ ಭಾಗ ತಣ್ಣಗಾದಾಗ ದೇಹವು ಹೃದಯ, ಶ್ವಾಸಕೋಶಗಳನ್ನು ಉಳಿಸಿಕೊಳ್ಳಲು ಕೈಕಾಲಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಆದ್ದರಿಂದ ಖರ್ಚು ಮಾಡುವುದಿದ್ದರೆ ಬೈಕಿನ ವಿದ್ಯುತ್ತಿನಿಂದ ಕಾಯುವ ಒಳಕೋಟು, ಅಂದರೆ ಹೀಟೆಡ್ ವೆಸ್ಟ್, ಮೊದಲು ಕೊಳ್ಳಿ. ಎದೆ ಬೆಚ್ಚಗಿದ್ದರೆ ಬೆರಳಿಗೂ ಬಿಸಿರಕ್ತ ಹರಿಯುತ್ತದೆ. ಇದು ಸಾಮಾನ್ಯವಾಗಿ 70 ವ್ಯಾಟ್ ಆಸುಪಾಸಿನ ವಿದ್ಯುತ್ ಎಳೆಯುತ್ತದೆ. ದೊಡ್ಡ ಟೂರಿಂಗ್ ಬೈಕಿಗೆ ಅದು ಲೆಕ್ಕಕ್ಕಿಲ್ಲ, ಆದರೆ ಹಳೆಯ ಅಥವಾ ಸಣ್ಣ ಬೈಕಿನಲ್ಲಿ ವಿದ್ಯುತ್ ಹುಟ್ಟಿಸುವ ಆಲ್ಟರ್ನೇಟರ್ ಒಟ್ಟು ಇನ್ನೂರು-ಮುನ್ನೂರು ವ್ಯಾಟ್ ಮಾತ್ರ ಕೊಡುತ್ತದೆ, ಅದೂ ಎಂಜಿನ್ ವೇಗವಾಗಿ ತಿರುಗುವಾಗ. ಮೆರವಣಿಗೆಯಲ್ಲಿ ಬೈಕು ಇಂಚಿಂಚಾಗಿ ತೆವಳುವಾಗ ಎಂಜಿನ್ ಐಡಲ್‌ನಲ್ಲೇ ಇರುವುದರಿಂದ ಆಲ್ಟರ್ನೇಟರ್ ಕೊಡುವುದಕ್ಕಿಂತ ವೆಸ್ಟ್, ಗ್ರಿಪ್, ಹೆಡ್‌ಲೈಟ್‌ಗಳು ಎಳೆಯುವುದೇ ಹೆಚ್ಚಾಗಿ, ಬ್ಯಾಟರಿ ಸದ್ದಿಲ್ಲದೆ ಖಾಲಿಯಾಗುತ್ತದೆ. ಆ ಹೊತ್ತಿನಲ್ಲಿ ಗಾಳಿಯ ಹೊಡೆತವೂ ಇರುವುದಿಲ್ಲ, ಆದ್ದರಿಂದ ವೆಸ್ಟ್ ಆರಿಸಿಬಿಡಿ.

ಮೈ, ತಲೆ, ಕಾಲು

ಒಳಗೆ ಹತ್ತಿಯ ಬನಿಯನ್ ಬೇಡ. ಹತ್ತಿ ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಆ ಒದ್ದೆಯೇ ಮೈಯ ಶಾಖವನ್ನು ಕದಿಯುತ್ತದೆ. ಮೈಗಂಟಿದಂತೆ ಮೆರಿನೊ ಉಣ್ಣೆ ಅಥವಾ ಪಾಲಿಯೆಸ್ಟರ್ ಥರ್ಮಲ್, ಅದರ ಮೇಲೆ ಫ್ಲೀಸ್ ಅಥವಾ ತೆಳು ಸ್ವೆಟರ್, ಹೊರಗೆ ಗಾಳಿಯೂ ನೀರೂ ನುಗ್ಗದ ರೈಡಿಂಗ್ ಜಾಕೆಟ್ ಮತ್ತು ಪ್ಯಾಂಟ್ ಇರಲಿ. ಎಲ್ಲ ತೊಟ್ಟ ಮೇಲೆ ಬೈಕಿನ ಮೇಲೆ ಕುಳಿತು ಹ್ಯಾಂಡಲ್ ಪೂರ್ತಿ ಎರಡೂ ಕಡೆ ತಿರುಗಿಸಿ, ಭುಜದ ಮೇಲಿಂದ ಹಿಂದೆ ನೋಡಿ. ಪದರಗಳು ಹೆಚ್ಚಾಗಿ ಕತ್ತು ತಿರುಗದಂತಾದರೆ ಒಂದನ್ನು ಬಿಚ್ಚಬೇಕು.

ತಲೆಯ ಬಗ್ಗೆ ನಮ್ಮವರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಹೆಲ್ಮೆಟ್ ಒಳಗೆ ಉಣ್ಣೆಯ ಮಂಕಿ ಕ್ಯಾಪ್ ಹಾಕುವುದು. ಅದರ ದಪ್ಪಕ್ಕೆ ಹೆಲ್ಮೆಟ್ ಮೇಲೆದ್ದು ಸಡಿಲವಾಗಿ ಕೂರುತ್ತದೆ, ಬಿದ್ದಾಗ ಕಾಪಾಡುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಕಣ್ಣು ಮಾತ್ರ ಕಾಣುವ ತೆಳುವಾದ ರೇಷ್ಮೆಯ ಅಥವಾ ಮೆರಿನೊದ ಬಾಲಕ್ಲಾವಾ ಸಾಕು. ಕುತ್ತಿಗೆಗೆ ಶಾಲು, ಮಫ್ಲರ್ ಸುತ್ತಿಕೊಳ್ಳಬಾರದು, ತುದಿ ಗಾಳಿಗೆ ಹಾರಿ ಚಕ್ರಕ್ಕೆ ಸಿಕ್ಕಿದರೆ ಪ್ರಾಣವೇ ಹೋಗುತ್ತದೆ, ತೊಡಿಸುವ ನೆಕ್ ಟ್ಯೂಬ್ ಬಳಸಿ. ಇಲಿನಾಯ್ ರಾಜ್ಯದಲ್ಲಿ ಹೆಲ್ಮೆಟ್ ಕಡ್ಡಾಯವಲ್ಲ, ಮೆರವಣಿಗೆಯಲ್ಲಿ ಬರಿತಲೆಯವರು ಬಹಳ ಮಂದಿ ಕಾಣುತ್ತಾರೆ. ಅವರನ್ನು ನೋಡಿ ನೀವು ಹೆಲ್ಮೆಟ್ ತೆಗೆಯಬೇಡಿ. ಮುಖಪೂರ್ತಿ ಮುಚ್ಚುವ ಹೆಲ್ಮೆಟ್ ಈ ಹವೆಯಲ್ಲಿ ಚಳಿಯಿಂದಲೂ ಕಾಯುತ್ತದೆ. ಆದರೆ ಉಸಿರಿನ ಆವಿ ಗಾಜಿನ ಒಳಗೆ ಮಂಜಾಗಿ ಕೂರುತ್ತದೆ, ಸೊನ್ನೆಗಿಂತ ಕೆಳಗೆ ಅದು ಹೆಪ್ಪುಗಟ್ಟುವುದೂ ಉಂಟು. ಇದಕ್ಕೆ ಪಿನ್‌ಲಾಕ್ ಎಂಬ ಒಳಗಾಜು ಒಳ್ಳೆಯ ಪರಿಹಾರ. ಎರಡು ಗಾಜುಗಳ ನಡುವಿನ ಗಾಳಿಯ ಪದರ ಒಳಮೈಯನ್ನು ಬೆಚ್ಚಗಿಡುವುದರಿಂದ ಮಂಜು ಹಿಡಿಯುವುದಿಲ್ಲ. ಅದಿಲ್ಲದಿದ್ದರೆ ಮೂಗಿನ ಮೇಲೆ ಕೂರುವ ಬ್ರೀತ್ ಗಾರ್ಡ್ ಹಾಕಿಸಿ, ನಿಂತಾಗ ಗಾಜನ್ನು ಒಂದು ಬೆರಳಷ್ಟು ತೆರೆದಿಡಿ.

ಕಾಲಿಗೆ ಒಂದೇ ಜೊತೆ ದಪ್ಪ ಉಣ್ಣೆಯ ಕಾಲುಚೀಲ, ಬೆರಳಾಡಿಸಲು ಜಾಗವಿರುವ ಬೂಟು. ಆರಂಭದ ಸ್ಥಳದಲ್ಲಿ ಹೆಪ್ಪುಗಟ್ಟಿದ ನೆಲದ ಮೇಲೆ ಗಂಟೆಗಟ್ಟಲೆ ನಿಲ್ಲಬೇಕಾಗುವುದರಿಂದ, ದಾರಿಯಲ್ಲಿ ಆಗದ ತೊಂದರೆ ಅಲ್ಲಿ ಆಗುತ್ತದೆ. ಒಂದು ತುಂಡು ರಟ್ಟನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಹೋಗಿ ಅದರ ಮೇಲೆ ನಿಲ್ಲಿ. ಥರ್ಮಾಸ್‌ನಲ್ಲಿ ಶುಂಠಿ ಕಷಾಯವೋ ರಾಗಿ ಗಂಜಿಯೋ ಇರಲಿ. ಚಳಿಗೆ ಒಂದು ಗುಟುಕು ಎಂದು ಯಾರಾದರೂ ಮದ್ಯ ಕೊಟ್ಟರೆ ಬೇಡವೆನ್ನಿ. ಬೈಕ್ ಓಡಿಸುವವರು ಕುಡಿಯಬಾರದೆಂಬುದು ಇದ್ದೇ ಇದೆ, ಅದರ ಜೊತೆಗೆ ಮದ್ಯವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಬೆಚ್ಚಗಾದ ಭ್ರಮೆ ಕೊಟ್ಟು, ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ.

ದೇಹ ಅಪಾಯಕಾರಿಯಾಗಿ ತಣ್ಣಗಾಗುತ್ತಿದೆ ಎಂಬುದಕ್ಕೆ ಮೈ ನಡುಗುವುದು ಮೊದಲ ಸೂಚನೆ. ಜಾಕೆಟ್‌ನ ಜಿಪ್ ಹಿಡಿಯಲಾಗದಿರುವುದು, ಮಾತು ತೊದಲುವುದು, ತಿರುವು ತಪ್ಪಿಸಿಕೊಳ್ಳುವುದು ಅದರ ನಂತರದವು. ಅಷ್ಟಾದ ಮೇಲೆ ನಡುಕ ತಾನಾಗಿ ನಿಂತರೆ ಅದು ಗುಣವಾಗುವ ಲಕ್ಷಣವಲ್ಲ, ದೇಹದ ಉಷ್ಣಾಂಶ ಅಪಾಯದ ಮಟ್ಟಕ್ಕೆ ಇಳಿದಿದೆ ಎಂದರ್ಥ. ತಕ್ಷಣ ಬೆಚ್ಚಗಿನ ಕಟ್ಟಡದೊಳಗೆ ಕರೆದೊಯ್ದು ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಬೇಕು. ಇದನ್ನು ಸ್ವತಃ ಗುರುತಿಸಿಕೊಳ್ಳುವುದು ಕಷ್ಟ, ಚಳಿ ಮೊದಲು ಕಸಿದುಕೊಳ್ಳುವುದೇ ವಿವೇಚನೆಯನ್ನು. ಆದ್ದರಿಂದ ಜೊತೆಗಾರರೊಬ್ಬರಿರಲಿ, ಇಪ್ಪತ್ತು ನಿಮಿಷಕ್ಕೊಮ್ಮೆ ನಿಂತು ಒಬ್ಬರೊಡನೊಬ್ಬರು ಮಾತಾಡಿ. ಮರಗಟ್ಟಿದ ಬೆರಳನ್ನು ಬಿಸಿ ಎಂಜಿನ್ನಿಗೋ ಸೈಲೆನ್ಸರ್‌ಗೋ ಹಿಡಿಯಬೇಡಿ, ಸ್ಪರ್ಶ ತಿಳಿಯದಿರುವಾಗ ಸುಟ್ಟದ್ದೂ ತಿಳಿಯುವುದಿಲ್ಲ. ಉಜ್ಜಲೂಬಾರದು. ಕಂಕುಳಲ್ಲಿ ಇಟ್ಟುಕೊಳ್ಳಿ.

ಬೈಕು

ಅಕ್ಟೋಬರ್‌ನಿಂದ ಗ್ಯಾರೇಜಿನಲ್ಲಿ ನಿಂತ ಬೈಕನ್ನು ಅದೇ ದಿನ ಬೆಳಿಗ್ಗೆ ಎಬ್ಬಿಸಹೊರಡಬಾರದು. ಲೆಡ್-ಆಸಿಡ್ ಬ್ಯಾಟರಿ ಸೊನ್ನೆ ಡಿಗ್ರಿಯಲ್ಲಿ ತನ್ನ ಸಾಮರ್ಥ್ಯದ ಸುಮಾರು ಐದನೇ ಒಂದು ಭಾಗ ಕಳೆದುಕೊಳ್ಳುತ್ತದೆ, ಆಯಿಲ್ ಗಟ್ಟಿಯಾಗಿರುವುದರಿಂದ ಎಂಜಿನ್ ತಿರುಗಿಸಲು ಹೆಚ್ಚು ಬಲವೂ ಬೇಕಾಗುತ್ತದೆ. ವಾರಕ್ಕೆ ಮೊದಲೇ ಚಾರ್ಜರ್‌ಗೆ ಹಾಕಿಡಿ. ಎಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್, ಇರುವ ಬೈಕಿನಲ್ಲಿ ಯಾರಾದರೂ ಬೇಸಿಗೆಯಲ್ಲಿ ಬರಿಯ ನೀರು ತುಂಬಿದ್ದರೆ ಅದು ಹೆಪ್ಪುಗಟ್ಟಿ ಎಂಜಿನ್ನನ್ನೇ ಸೀಳಬಲ್ಲದು. ಅರ್ಧ ನೀರು, ಅರ್ಧ ಆಂಟಿಫ್ರೀಜ್ ಮಿಶ್ರಣ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನವರೆಗೂ ಹೆಪ್ಪುಗಟ್ಟದೆ ತಡೆಯುತ್ತದೆ. ಚಳಿಗಾಲಕ್ಕೆಂದು ವಿಮೆಯನ್ನು ಬೈಕ್ ನಿಂತಿರುವಾಗಿನ ಮಟ್ಟಕ್ಕೆ ಇಳಿಸಿರುವವರು ರಸ್ತೆಗಿಳಿಯುವ ಮುನ್ನ ಅದನ್ನು ಪೂರ್ತಿಗೊಳಿಸಬೇಕು. ಇದನ್ನು ಮರೆಯುವವರು ಬಹಳ.

ಟೈರಿನ ಗಾಳಿಯ ಒತ್ತಡ ಪ್ರತಿ ಐದೂವರೆ ಡಿಗ್ರಿ ಸೆಲ್ಸಿಯಸ್ ಇಳಿಕೆಗೆ ಸುಮಾರು ಒಂದು ಪಿಎಸ್‌ಐ ಕಡಿಮೆಯಾಗುತ್ತದೆ. 15 ಡಿಗ್ರಿಯ ಗ್ಯಾರೇಜಿನಲ್ಲಿ 36 ತೋರಿಸಿದ ಟೈರು ಹೊರಗೆ ಸೊನ್ನೆಗಿಂತ 5 ಡಿಗ್ರಿ ಕೆಳಗಿದ್ದಾಗ ಮೂವತ್ತೆರಡೂವರೆಗೆ ಬಂದಿರುತ್ತದೆ. ಆದ್ದರಿಂದ ಬೈಕನ್ನು ಹೊರಗೆ ಅರ್ಧ ಗಂಟೆ ನಿಲ್ಲಿಸಿ, ಆಮೇಲೆ ಅಳೆದು ತುಂಬಿ. ಟೈರಿನ ರಬ್ಬರ್ ಕೂಡ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ, ಈ ಚಳಿಯಲ್ಲಿ ಅದು ಪೂರ್ತಿ ಬಿಸಿಯಾಗುವುದೇ ಇಲ್ಲ ಎಂದುಕೊಂಡು ಓಡಿಸುವುದು ಕ್ಷೇಮ.

ದಾರಿ

ಬ್ರೇಕು, ಆಕ್ಸಿಲರೇಟರ್, ತಿರುವು ಮೂರನ್ನೂ ನಿಧಾನವಾಗಿ, ಒಂದಾದ ಮೇಲೊಂದರಂತೆ ಮಾಡಿ. ಮುಂದಿನ ವಾಹನಕ್ಕೂ ನಿಮಗೂ ನಡುವೆ ಬೇಸಿಗೆಯಲ್ಲಿ ಎರಡು ಸೆಕೆಂಡಿನ ಅಂತರ ಬಿಡುತ್ತಿದ್ದರೆ ಈಗ ನಾಲ್ಕು-ಐದು ಸೆಕೆಂಡು ಬಿಡಿ. ಸೇತುವೆಗಳ ಕೆಳಗೂ ಗಾಳಿ ಹಾಯುವುದರಿಂದ ಉಳಿದ ರಸ್ತೆಗಿಂತ ಮೊದಲು ಅವು ಹೆಪ್ಪುಗಟ್ಟುತ್ತವೆ. ಚಿಕಾಗೋ ನದಿಯ ಮೇಲಿನ ಹಲವು ಸೇತುವೆಗಳ ನೆಲ ಕಬ್ಬಿಣದ ಜಾಲರಿಯದು, ಅದರ ಮೇಲೆ ಬೈಕ್ ಅತ್ತಿತ್ತ ಓಲಾಡುತ್ತದೆ. ಹ್ಯಾಂಡಲ್ ಬಿಗಿ ಹಿಡಿಯದೆ, ಬ್ರೇಕ್ ಮುಟ್ಟದೆ ದಾಟಿ. ವೆಸ್ಟರ್ನ್ ಅವೆನ್ಯೂಗೆ ಅಡ್ಡಲಾಗಿ ಹಲವೆಡೆ ಮೇಲಿಂದ ರೈಲು ಹಳಿ ಹೋಗುತ್ತದೆ. ಆ ಕೆಳಸೇತುವೆಗಳಲ್ಲಿ ಬಿಸಿಲು ಬೀಳುವುದಿಲ್ಲ, ಮೇಲಿಂದ ತೊಟ್ಟಿಕ್ಕಿದ ನೀರು ಕೆಳಗೆ ಗಟ್ಟಿಯಾಗಿರುತ್ತದೆ. ಬಿಸಿಲಿನಿಂದ ಕತ್ತಲಿಗೆ ನುಗ್ಗುವಾಗ ಕಣ್ಣಿಗೆ ಅದು ಕಾಣುವುದಿಲ್ಲ, ಆದ್ದರಿಂದ ವೇಗವನ್ನು ಕೆಳಸೇತುವೆಗೆ ಮೊದಲೇ ತಗ್ಗಿಸಬೇಕು. ಸಿಗ್ನಲ್‌ಗಳ ಬಳಿ ಉದುರಿದ ರಸ್ತೆಯ ಉಪ್ಪು ಒಣಗಿದಾಗ ಮರಳಿನಂತೆ ಜಾರುತ್ತದೆ. ಬಿಳಿಪಟ್ಟೆ, ಮ್ಯಾನ್‌ಹೋಲ್ ಮುಚ್ಚಳ, ಬಿರುಕಿಗೆ ತುಂಬಿದ ಡಾಂಬರಿನ ಗೆರೆಗಳ ಮೇಲೆ ಕಾಲೂರುವ ಮುನ್ನ ನೋಡಿ, ನಿಂತಾಗ ಬೀಳುವವರೇ ಹೆಚ್ಚು.

ಆಟಿಕೆ ಮತ್ತು ಮೆರವಣಿಗೆ

ಆಟಿಕೆ ಹೊಸದಾಗಿರಬೇಕು, ಉಡುಗೊರೆಯ ಕಾಗದ ಸುತ್ತಿರಬಾರದು, ಏಕೆಂದರೆ ಯಾವ ವಯಸ್ಸಿನ ಮಗುವಿಗೆ ಯಾವುದೆಂದು ವಿಂಗಡಿಸುವವರಿಗೆ ಒಳಗಿರುವುದು ಕಾಣಬೇಕು. ನಿಜವಾದ ಆಯುಧದಂತೆ ಕಾಣುವ ಬಂದೂಕು ಬೇಡ. ಎಲ್ಲರೂ ಟೆಡ್ಡಿ ಕರಡಿಯನ್ನೇ ತರುವುದರಿಂದ, ಹತ್ತು-ಹನ್ನೆರಡು ವರ್ಷದ ಮಕ್ಕಳಿಗೆ ಒಪ್ಪುವಂಥದ್ದು, ಚಿತ್ರ ಬರೆಯುವ ಸಾಮಗ್ರಿಯೋ ಬಾಸ್ಕೆಟ್‌ಬಾಲೋ ವಿಜ್ಞಾನದ ಕಿಟ್ಟೋ, ಒಂದನ್ನಾದರೂ ಒಯ್ಯಿರಿ ಎಂಬುದು ನನ್ನ ಕೋರಿಕೆ. ಆ ವಯಸ್ಸಿನ ಮಗುವಿಗೆ ತನ್ನನ್ನು ಮರೆತಿದ್ದಾರೆ ಎಂಬುದು ಚೆನ್ನಾಗಿ ಅರ್ಥವಾಗುತ್ತದೆ. ಪೆಟ್ಟಿಗೆಯನ್ನು ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿ. ಮುಂದಿನ ಚಕ್ರಗಳು ಎರಚುವ ಉಪ್ಪುನೀರು ಒಣಗಿ ಬಿಳಿಯ ಕಲೆಯಾಗುತ್ತದೆ, ಹಾಗೆ ಕಲೆಯಾದ ಪೆಟ್ಟಿಗೆಯನ್ನು ಒಂದು ಮಗುವಿಗೆ ಹಬ್ಬದ ಉಡುಗೊರೆಯಾಗಿ ಕೊಡಲು ಮನಸ್ಸು ಒಪ್ಪುವುದಿಲ್ಲ. ಕೊಕ್ಕೆಯ ರಬ್ಬರ್ ಹಗ್ಗಕ್ಕಿಂತ ಬಕಲ್ ಇರುವ ಪಟ್ಟಿ ಅಥವಾ ಬಲೆ ವಾಸಿ. ಹತ್ತು ನಿಮಿಷ ಓಡಿಸಿದ ಮೇಲೆ ಒಮ್ಮೆ ನಿಂತು ಬಿಗಿ ನೋಡಿ. ಸಾಂಟಾ ವೇಷ ಹಾಕುವವರು ನಿಲುವಂಗಿಯ ಅಂಚನ್ನು ಚೈನಿಗೆ ತಾಗದಂತೆ ಒಳಗೆ ಸೇರಿಸಿ ಪಿನ್ ಹಾಕಿ.

ಮೆರವಣಿಗೆಯಲ್ಲಿ ಸಾಲು ಬಿಟ್ಟು ಮುಂದೆ ನುಗ್ಗಬಾರದು. ಎರಡು ಸಾಲಿನಲ್ಲಿ ಹೋಗುವಾಗ ಒಬ್ಬರ ಪಕ್ಕಕ್ಕೆ ಸರಿಯಾಗಿ ಇನ್ನೊಬ್ಬರು ಬರದಂತೆ ಓರೆಯಾಗಿ ನಿಲ್ಲಬೇಕು. ಪಾದಚಾರಿ ಪಟ್ಟಿಯ ಅಂಚಿನಲ್ಲಿ ಕಂಬಳಿ ಹೊದ್ದು ನಿಂತ ಮಕ್ಕಳು ಕೈ ಚಾಚುತ್ತಾರೆ. ತಲೆಯಾಡಿಸಿ, ಹಾರ್ನ್ ಮಾಡಿ, ಪೂರ್ತಿ ನಿಂತಿದ್ದರೆ ಕೈ ಬೀಸಿ. ಚಲಿಸುವಾಗ ಮಿಠಾಯಿ ಎಸೆಯಬೇಡಿ, ಅದನ್ನು ಹೆಕ್ಕಲು ಮಗು ಹಿಂದಿನ ಬೈಕಿನ ಚಕ್ರದ ಮುಂದೆ ಬರುತ್ತದೆ. ಗಾಳಿಯಿಂದ ತಂಪಾಗುವ ಎಂಜಿನ್ ಇರುವವರು ಬಹಳ ಹೊತ್ತು ನಿಲ್ಲಬೇಕಾದಾಗ ಅದನ್ನು ಆರಿಸಿ. ಚಳಿಯಿದ್ದರೂ ನಿಂತಲ್ಲೇ ಉರಿಯುವ ಎಂಜಿನ್ ಕಾಯುತ್ತದೆ.

ಹಿಂದಿರುಗುವಾಗ

ಡಿಸೆಂಬರ್ ಮೊದಲ ವಾರ ಚಿಕಾಗೋದಲ್ಲಿ ಸಂಜೆ ನಾಲ್ಕು ಇಪ್ಪತ್ತಕ್ಕೆ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನ ರಸ್ತೆಯಂಚಿನಲ್ಲಿ ಕರಗಿದ ನೀರು ನೆರಳು ಬಿದ್ದ ಕೂಡಲೇ ಮತ್ತೆ ಗಟ್ಟಿಯಾಗತೊಡಗುತ್ತದೆ, ಬೆಳಗಿನಿಂದ ಚಳಿಯಲ್ಲಿದ್ದ ಮೈಯೂ ದಣಿದಿರುತ್ತದೆ. ಆಟಿಕೆ ಒಪ್ಪಿಸಿದ ಮೇಲೆ ಬಿಸಿ ಊಟ ಮಾಡಿ, ಒಳಗೆ ಅರ್ಧ ಗಂಟೆ ಕೂತು, ಎರಡೂವರೆಯೊಳಗೆ ಹೊರಟರೆ ಬೆಳಕಿರುವಾಗಲೇ ಮನೆ ಸೇರಬಹುದು.

ಮನೆಗೆ ಬಂದವರು ಬೈಕನ್ನು ಹಾಗೇ ಬಿಟ್ಟು ಒಳಗೆ ಹೋಗಬಾರದು. ರಸ್ತೆಯ ಉಪ್ಪು ಒಂದೇ ವಾರದಲ್ಲಿ ಚೈನು, ಸ್ಪೋಕ್, ಬ್ರೇಕಿನ ಪಿಸ್ಟನ್ ಮೇಲೆ ತುಕ್ಕು ಹುಟ್ಟಿಸುತ್ತದೆ. ಹೊರಗಿನ ನಲ್ಲಿ ಹೆಪ್ಪುಗಟ್ಟಿದ್ದರೆ ನಾನು ಎರಡು ಬಕೆಟ್ ತಣ್ಣೀರು ಹೊತ್ತು ತಂದು, ಬೈಕಿನ ಅಡಿಭಾಗ, ಚಕ್ರದ ಒಳಮೈ, ರೇಡಿಯೇಟರ್‌ನ ಕೆಳಗೆ ಸ್ಪಂಜಿನಿಂದ ತೊಳೆಯುತ್ತೇನೆ. ಹೀಗೆ ತೊಳೆದ ನೀರು ಅಂಗಳದಲ್ಲಿ ಮಂಜುಗಡ್ಡೆಯಾಗಿ ಮರುದಿನ ಯಾರಾದರೂ ಜಾರುವ ಹಾಗಾಗಬಾರದು, ಚರಂಡಿಯ ಬಾಯಿಯ ಬಳಿ ನಿಲ್ಲಿಸಿ ತೊಳೆಯಿರಿ. ಆಮೇಲೆ ಒಣಬಟ್ಟೆಯಲ್ಲಿ ಒರೆಸಿ, ಚೈನಿಗೆ ಲ್ಯೂಬ್ ಹಾಕಿ, ಬ್ರೇಕ್ ಡಿಸ್ಕಿಗೆ ಅದು ತಾಗದಂತೆ ನೋಡಿಕೊಂಡು, ಬ್ಯಾಟರಿಯನ್ನು ಮತ್ತೆ ಚಾರ್ಜರ್‌ಗೆ ಜೋಡಿಸಿಡಿ.